ಪ್ಲಾಟ್ 17ರ ಪಾಯಾ, ನಮ್ಮ ಬೋರಿನ ನೀರು

(ವಿಜಯಪುರ, ಬಡಾವಣೆ ನಿವಾಸಿಗಳ ಗುಂಪು)

ಪ್ಲಾಟ್ 21: ಎಲ್ಲಾರೂ ಸ್ವಲ್ಪ ಓದ್ರಿ. 17ರಾಗ ಪಾಯಾ ತೋಡಾಕತ್ತಾಗ ಕರಿಕಲ್ಲು ಹತ್ತೈತಿ. ಸೋಮವಾರ ಮದ್ದು ಹಾಕಿ ಸಿಡಸ್ತಾರಂತ ಗೌಂಡಿ ಹೇಳಿದ. ನಮ್ಮ ಬೋರ್ ಅವರ ಕಂಪೌಂಡಿಗೆ ಹತ್ತಿಕೊಂಡ ಐತಿ. ನೀರು ಹೋದ್ರ ಯಾರನ್ನ ಕೇಳೂದು?

ಪ್ಲಾಟ್ 8: ಮದ್ದು ಹೊಡದ್ರ ಬೋರ್ ಬತ್ತೂದು ಗ್ಯಾರಂಟಿ. ಮೊದಲ ಕೆಲಸಾ ಬಂದ್ ಮಾಡಸ್ರಿ.

ಪ್ಲಾಟ್ 17: ಕಳ್ಳತನಾ ಏನೂ ಮಾಡಾಕತ್ತಿಲ್ರಿ ನಾ. ಕಲ್ಲು ಒಡಿಯೂ ಬ್ರೇಕರ್ ಮಶೀನ್ ಹಚ್ಚಿ ನೋಡಿದ್ವಿ, ತಾಸಿನ ಬಾಡಗಿ ಏರತೈತಿ, ಕಲ್ಲು ಮಾತ್ರ ಚೂರು ಚೂರು ಏಳತೈತಿ. ಕಾಂಟ್ರಾಕ್ಟರ್ ಬ್ಲಾಸ್ಟಿಂಗ್ ಅಗ್ಗಾ ಬೀಳತೈತಿ ಅಂದ್ರು. ನಿಮ್ಮ ನೀರು ಕೆಡಸೂ ಆಸೆ ನನಗಿಲ್ಲ.

ಪ್ಲಾಟ್ 3 (ಬೋರ್ ಕೆಲಸದಾಗ ಇದ್ದ ಕಾಕಾ): 8ರವರ, ಗ್ಯಾರಂಟಿ ಅನ್ನೂದು ಬ್ಯಾಡ್ರಿ. ನಮ್ಮ ಕಡೆ ನೆಲ ಅಂದ್ರ ಬಸಾಲ್ಟ್ ಕಲ್ಲಿನ ಪದರದ ಮ್ಯಾಲ ಪದರ. ಗಟ್ಟಿ ಕರಿಕಲ್ಲಿನೊಳಗ ನೀರು ಇರೂದಿಲ್ಲ. ಮ್ಯಾಲಿನ ಗರಸು, ಕಲ್ಲಿನ ಸೀಳು, ಗುಳ್ಳಿ ಗುಳ್ಳಿ ಇರೂ ಕಲ್ಲು, ಇವುಗಳಾಗ ಇರತೈತಿ. ಮದ್ದು ತುಂಬಾಕ ಜಾಕ್‌ಹ್ಯಾಮರ್‌ಲೆ ಕೊರಿಯೂ ಕುಳಿ 32–34 ಮಿಲಿಮೀಟರ್ ಅಗಲ. ಮದ್ದು ಹೊಸದಾಗಿ ಕಲ್ಲು ಸೀಳೂದು ಸಾಮಾನ್ಯವಾಗಿ ಕುಳಿ ಅಗಲದ 20ರಿಂದ 40 ಪಟ್ಟು, ಅಂದ್ರ ಸುಮಾರು ಒಂದು ಮೀಟರ್. ಪಾಯಾದ ಆಳದಾಗ ಹೊಡದ ಮದ್ದಿಗೆ ನೂರಾರು ಅಡಿ ಕೆಳಗಿನ ನೀರು ಹೋಗೂದು ಅಪರೂಪ. ಒಮ್ಮೊಮ್ಮೆ ಸೀಳು ಬಿಚ್ಚಿ ನೀರು ಹೆಚ್ಚೂ ಆಗತೈತಿ. ಸಿಡಿಸಿದ ಮ್ಯಾಲ ಸ್ವಲ್ಪ ದಿನ ರಾಡಿ ಬರಬಹುದು, ಅದು ತಾನಾಗೇ ತಿಳಿ ಆಗತೈತಿ.

ನನಗ ಕಾಳಜಿ ಇರೂದು ಬ್ಯಾರೆ ಎರಡರ ಮ್ಯಾಲ. ಒಂದು, ಪಾಯಾದ ಗುಂಡಿಯೊಳಗ ನೀರಿನ ಸೀಳು ಕಡದು ಒಸರು ಬಂತಂದ್ರ ಇವರು ಮೋಟಾರ್ ಹಚ್ಚಿ ಹೊರಗ ಹಾಕ್ತಾರ. ಆಗ ಮೂಲಿಮನಿ ತೆರೆದ ಬಾವಿ ಇಳಿಯೂದು ಖರೆ, ಮದ್ದಿನಿಂದ ಅಲ್ಲ, ಪಂಪಿನಿಂದ. ಎರಡನೇದು ದೊಡ್ಡದು: ನಮ್ಮ ಲೇಔಟ್‌ನಾಗ ಒಳಚರಂಡಿ ಇಲ್ಲ, ಮನಿಗೊಂದು ಸಂಡಾಸದ ಗುಂಡಿ. ಹಳೇ ಸೀಳು ಅಲುಗಾಡಿ ಆ ಗುಂಡಿಗೂ ಬೋರಿಗೂ ದಾರಿ ಕೂಡಿತಂದ್ರ? ನಮ್ಮಾಗ ಬಾಳ ಮಂದಿ ರೊಕ್ಕಾ ಉಳಸಾಕ ಕೇಸಿಂಗ್ (ಬೋರಿನ ಮ್ಯಾಲಿನ ಭಾಗಕ್ಕ ಇಳಸೂ ಪೈಪು) ಗಿಡ್ಡ ಹಾಕ್ಸ್ಯಾರ. ಅಲ್ಲೇ ಹೊಲಸು ಇಳಿಯೂದು.

ಪ್ಲಾಟ್ 21: ಕಾಕಾರ, ಹಂಗಾರ ನಾವೇನು ಮಾಡೂದ್ರಿ ಈಗ?

ಪ್ಲಾಟ್ 3: ಸೋಮವಾರದ ಒಳಗ ಅಳದಿಡ್ರಿ. ಇವತ್ತಿನ ಲೆಕ್ಕಾ ಇಲ್ಲದ ನಾಳೆ ಯಾರೂ ನಿಮ್ಮ ಮಾತು ಕೇಳೂದಿಲ್ಲ, ಅವರದೂ ತಪ್ಪಲ್ಲ. ರಾತ್ರಿ ಪೂರ್ತಿ ಮೋಟಾರ್ ಬಂದ್ ಇರ್ಲಿ. ಮುಂಜಾನೆ ನೈಲಾನ್ ದಾರಕ್ಕ ಕಬ್ಬಿಣದ ನಟ್ ಕಟ್ಟಿ ಕೇಸಿಂಗ್ ಸಂದಿಯೊಳಗ ಇಳಸ್ರಿ. ವಾಯರಿಗೆ ಸಿಗಬೀಳದಂಗ ಸಾವಕಾಶ. ನೀರಿಗೆ ತಾಗಿದಾಗ ದಾರ ಹಗುರ ಆಗತೈತಿ, ಸಣ್ಣಗ ಗುಳುಕ್ ಅಂತೈತಿ. ಎಳದು ಒಣ ದಾರ ಎಷ್ಟು, ಅಳೀರಿ. ಆಮ್ಯಾಲ 200 ಲೀಟರ್ ಡ್ರಮ್ ತುಂಬಾಕ ಎಷ್ಟು ಹೊತ್ತು ಹಿಡೀತು ಅದನ್ನೂ ಬರೀರಿ. ಗಾಜಿನ ಬಾಟಲ್ಯಾಗ ನೀರು ಹಿಡದು ತಾರೀಖು ಕಾಣೂವಂಗ ಫೋಟೋ ತಗೀರಿ.

ಲ್ಯಾಬಿನಾಗ ನೋಡಸೂದು ನೈಟ್ರೇಟ್ ಮತ್ತ ಇ-ಕೋಲಿ (ಸಂಡಾಸದ ಹೊಲಸು ಕೂಡಿದ್ದನ್ನ ತೋರಸೂ ಕ್ರಿಮಿ). ಮದ್ದಿನಾಗ ಅಮೋನಿಯಂ ನೈಟ್ರೇಟ್ ಇರತೈತಿ, ಪೂರ್ತಿ ಸುಡದ ಉಳಿದದ್ದು ಕರಗಿ ಕೆಳಗ ಇಳೀತೈತಿ. ಕುಡಿಯೂ ನೀರಿನಾಗ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಸಂಡಾಸದ ಗುಂಡಿಯಿಂದನೂ ಅದೇ ನೈಟ್ರೇಟ್ ಬರತೈತಿ. ಹಿಂಗಾಗಿ ಮೊದಲ ಟೆಸ್ಟ್ ಮಾಡಸಲಿಲ್ಲಂದ್ರ ಯಾರ ಪಾಲು ಎಷ್ಟು ಅಂತ ಹೇಳಾಕ ಬರೂದಿಲ್ಲ. ಕೂಸು ಇರೂ ಮನ್ಯಾವರು ಇದನ್ನ ಬಿಡಬ್ಯಾಡ್ರಿ.

ಪ್ಲಾಟ್ 12: ಲೈಸನ್ಸ್ ಕೇಳ್ರಿ ಸರ್. ಸ್ಫೋಟಕ ಕಾಯ್ದೆ 1884, ನಿಯಮಾವಳಿ 2008 ಅದಾವು. ಮದ್ದು ತರಾಕ, ಇಡಾಕ ಪರವಾನಗಿ ಬೇಕು. ಹೊಡ್ಯಾವನ ಕಡೆ ಶಾಟ್‌ಫೈರರ್ (ಮದ್ದು ಸಿಡಸಾವ) ಸರ್ಟಿಫಿಕೇಟ್ ಇರಬೇಕು. ಗಣಿಗೆ 1997ರಾಗ ಹಾಕಿದ ಕಂಪನ ಮಿತಿ ಮಂದಿ ಮನಿಗೆ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್, ಅದನ್ನ ಇಲ್ಲೂ ಹಿಡೀರಿ ಅಂತ ಪತ್ರದಾಗ ಬರೆಯೋಣು. ಗ್ವಾಡಿ ಬಿರುಕಿನ ಫೋಟೋನೂ ಈಗೇ ತಗೀರಿ.

ಪ್ಲಾಟ್ 17: ಲೈಸನ್ಸ್ ಕಾಂಟ್ರಾಕ್ಟರ್ ಕಡೆ ಕೇಳೇನ್ರಿ, ಇನ್ನೂ ತೋರಿಸಿಲ್ಲ. ಮದ್ದಿಲ್ಲದ ಕಲ್ಲು ಸೀಳೂ ಪುಡಿ ಐತಂತಲ್ಲ?

ಪ್ಲಾಟ್ 3: ಐತಿ. ಸುಣ್ಣದ ಪುಡಿ ಅದು. ನೀರಾಗ ಕಲಿಸಿ ಕುಳಿಗೆ ತುಂಬಿದ್ರ ಉಬ್ಬಿ ಒಂದು ದಿನದಾಗ ಕಲ್ಲು ಸೀಳತೈತಿ, ಸಪ್ಪಳಿಲ್ಲ, ಅದುರೂದಿಲ್ಲ. ಸೀಳಿದ ಮ್ಯಾಲ ಬ್ರೇಕರ್ ಲಗೂನ ಎತ್ತತೈತಿ. ನಮ್ಮ ಬಿಸಲಾಗ ಮಧ್ಯಾಹ್ನ ತುಂಬಬಾರದು, ಕಾಯ್ದು ಪಿಚಕಾರಿ ಹಂಗ ಮ್ಯಾಲ ಸಿಡೀತೈತಿ, ಕಣ್ಣು ಹೋಗತಾವು. ಸಂಜಿ ತುಂಬಿಸ್ರಿ, ಕುಳಿಯೊಳಗ ಹಣಿಕಿ ಹಾಕಬಾರದಂತ ಹುಡುಗರಿಗೆ ಹೇಳ್ರಿ.

ಪ್ಲಾಟ್ 8: ಖರ್ಚು ಹೆಚ್ಚಾದ್ರ? ಅವರೊಬ್ಬರ ಯಾಕ ಹೊರಬೇಕು ಅಂತ ಕೇಳತಾರ ನೋಡ್ರಿ.

ಪ್ಲಾಟ್ 17: ಖರ್ಚು ನಂದ. ಆದ್ರ ಸೋಮವಾರದ ಬದಲಿ ಗುರುವಾರ ತನಕ ಗುಂಡಿ ಹಂಗ ಬಿಡತೇನಿ, ಅಷ್ಟರಾಗ ನಿಮ್ಮ ಅಳತಿ ಮುಗಸ್ರಿ. ಒಸರು ಬಂದ್ರ ಮೋಟಾರ್ ಹಚ್ಚೂ ಮೊದಲ ಗುಂಪಿನಾಗ ಹಾಕತೇನಿ.

ಪ್ಲಾಟ್ 21: ಬಾಳ ಚಲೋ ಆತ್ರಿ ಅಣ್ಣಾರ. ನಾಳೆ ಆರಕ್ಕ ನಮ್ಮ ಬೋರಿಂದ ಶುರು ಮಾಡೂಣು. ಕಾಕಾರ, ದಾರ ನೀವು ತರ್ರಿ, ಟೇಪು ನಮ್ಮ ಮನ್ಯಾಗ ಐತಿ.

ಪ್ಲಾಟ್ 12: 9ರವರು ಊರಾಗಿಲ್ಲ, ಅವರ ಬೋರ್ ಅಳೀಬೇಕಲ್ಲ. ಗೇಟ್ ಕೀಲಿ ಯಾರ ಕಡೆ ಐತ್ರಿ?