12 ಮೊಟ್ಟೆಗೆ ನಾಲ್ಕೇ ಮರಿ: ಹುಂಜ ಸರಿಯಿಲ್ವಾ?

ತಿಪಟೂರು ಕಡೆಯಿಂದ, ಕೇಳಿದ್ದು:

ನಮ್ಮ ತೋಟದ ಮನೆಯಲ್ಲಿ 16 ನಾಟಿ ಹೇಂಟೆ, ಒಂದು ಹುಂಜ ಇವೆ. ಹೋದ ತಿಂಗಳು ಒಂದು ಹೇಂಟೆಯನ್ನು 12 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದೆ. ಎಲ್ಲವೂ ಅದರದ್ದೇ ಮೊಟ್ಟೆ, ರಾಗಿ ಡಬ್ಬದಲ್ಲಿ ಕೂಡಿಟ್ಟಿದ್ದೆ. 22ನೇ ದಿನಕ್ಕೆ ನಾಲ್ಕೇ ಮರಿ ಬಂದವು. ಉಳಿದ ಎಂಟು ಹಾಗೇ ಇವೆ. ಹುಂಜ ಹೇಂಟೆ ಮೇಲೆ ಹತ್ತಿ ಎರಡೇ ಸೆಕೆಂಡಿಗೆ ಇಳಿದುಬಿಡುತ್ತದೆ, ಅದು ಸರಿಯಿಲ್ಲ, ಮಾರಿಬಿಡು ಅಂತಾರೆ ಅತ್ತೆ. ಏನು ಮಾಡಲಿ? ಕೋಳಿ ಸಾಕಿದವರು ನಿಮ್ಮ ಅನುಭವ ಹೇಳಿ.

ಶಿರಾ ಕಡೆಯಿಂದ:

ಅಕ್ಕ, ಈಗಲೇ ಮಾರಬೇಡಿ. ಕೋಳಿ ಕೂಡುವುದೇ ಅಷ್ಟು ಹೊತ್ತು. ಹುಂಜಕ್ಕೆ ಹೊರಗೆ ಚಾಚುವ ಅಂಗ ಇಲ್ಲ. ಎರಡಕ್ಕೂ ಬಾಲದ ಕೆಳಗೆ ಒಂದೇ ದ್ವಾರ. ಹಿಕ್ಕೆ, ಮೊಟ್ಟೆ, ವೀರ್ಯ ಎಲ್ಲ ಅಲ್ಲಿಂದಲೇ ಬರಬೇಕು. ಹುಂಜ ಬೆನ್ನು ಮೆಟ್ಟಿ, ಕತ್ತಿನ ಪುಕ್ಕ ಕಚ್ಚಿ ಹಿಡಿದು, ಬಾಲ ಕೆಳಗೆ ಬಗ್ಗಿಸುತ್ತದೆ. ಹೇಂಟೆ ತನ್ನ ಬಾಲ ಪಕ್ಕಕ್ಕೆ ಸರಿಸುತ್ತದೆ. ದ್ವಾರಕ್ಕೆ ದ್ವಾರ ಒಂದು ಕ್ಷಣ ತಾಗಿದರೆ ಮುಗಿಯಿತು. ಇಳಿದ ಮೇಲೆ ಹೇಂಟೆ ಪುಕ್ಕ ಕೆದರಿ ಮೈ ಕೊಡವಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಹೇಂಟೆಯ ಮೊಟ್ಟೆ ನಾಳದೊಳಗೆ ಕೂದಲಿನಷ್ಟು ಸಣ್ಣ ಕೊಳವೆಗಳಿವೆ. ವೀರ್ಯ ಅಲ್ಲಿ ಜೀವಂತವಾಗಿ ಉಳಿಯುತ್ತದೆ. ಹಾಗಾಗಿ ಒಂದು ಸಲ ಕೂಡಿದರೆ 10–14 ದಿನ ಮರಿಯಾಗುವ ಮೊಟ್ಟೆ ಬರುತ್ತದೆ, ಕೆಲವು ಸಲ ಮೂರು ವಾರದವರೆಗೂ. ನಾನು ಒಮ್ಮೆ ಕೆಂಪು ಹುಂಜ ಕೊಟ್ಟು ಕರಿ ಹುಂಜ ತಂದೆ. ಒಂದು ವಾರಕ್ಕೇ ಮೊಟ್ಟೆ ಕೂಡಿಸಿ ಕಾವಿಗೆ ಇಟ್ಟೆ. ಬೆಳೆದ ಮರಿಗಳಲ್ಲಿ ಅರ್ಧದಷ್ಟು ಕೆಂಪು ಹುಂಜದ ಹಾಗೇ ಇದ್ದವು! ಹೊಸ ಹುಂಜದ ಮರಿಯೇ ಬೇಕೆಂದರೆ ಹಳೆಯದು ಹೋದ ಮೇಲೆ ಮೂರು ವಾರ ಕಾಯಬೇಕು.

ಕೂಡಿದ ದಿನವೇ ಇಟ್ಟ ಮೊಟ್ಟೆಗೆ ಆ ಕೂಡಿಕೆಯಿಂದ ಏನೂ ಆಗುವುದಿಲ್ಲ. ಹಳದಿ ಬಿಡುಗಡೆಯಾದ ಸುಮಾರು ಕಾಲು ಗಂಟೆಯೊಳಗೇ ವೀರ್ಯ ಸೇರಬೇಕು. ಆಮೇಲೆ ಅದರ ಸುತ್ತ ಬಿಳಿ ಬರುತ್ತದೆ, ಸಿಪ್ಪೆ ಕೂರುತ್ತದೆ. ಮೊಟ್ಟೆ ತಯಾರಾಗಲು 24–26 ಗಂಟೆ ಬೇಕು, ಅದರಲ್ಲಿ ಸಿಪ್ಪೆಗೇ ಸುಮಾರು 20 ಗಂಟೆ.

ಆದರೆ ಒಂದು ಹುಂಜಕ್ಕೆ 16 ಹೇಂಟೆ ಜಾಸ್ತಿ. 8–10 ಇದ್ದರೆ ಸರಿ. ಹುಂಜ ತನಗಿಷ್ಟವಾದ ನಾಲ್ಕೈದು ಹೇಂಟೆಗಳ ಹಿಂದೆಯೇ ತಿರುಗುತ್ತದೆ. ಯಾವುದರ ಬೆನ್ನಿನ ಪುಕ್ಕ ಉದುರಿದೆ ನೋಡಿ. ಅವನ್ನು ಅದು ಮೆಟ್ಟುತ್ತಿದೆ ಎಂದರ್ಥ. ಬೆನ್ನಿನ ಪುಕ್ಕ ಉದುರದೆ ಹಾಗೇ ಇರುವ ಹೇಂಟೆಯ ಮೊಟ್ಟೆ ಇಡುವ ಮುಂಚೆ ಯೋಚನೆ ಮಾಡಿ.

ಮಂಡ್ಯ ಕಡೆಯಿಂದ:

ನಮ್ಮಲ್ಲಿ ಗಿರಿರಾಜ ಅನ್ನುವ ದೊಡ್ಡ ತಳಿಯ ಹುಂಜದಿಂದ ತೊಂದರೆಯಾಗಿತ್ತು. ಸಣ್ಣ ನಾಟಿ ಹೇಂಟೆಗಳಿಗೆ ಅದರ ಭಾರ ತಡೆಯಲಾಗದೆ ಬೆನ್ನೆಲ್ಲ ಗಾಯ. ಹುಂಜದ ಕಾಲಿನ ಮುಳ್ಳಿನ ತುದಿ ಸ್ವಲ್ಪ ಉಜ್ಜಿ ಮೊಂಡು ಮಾಡಿ. ಬೇಸಿಗೆಯಲ್ಲಿ ನೆರಳು, ತಣ್ಣೀರು ಕಡ್ಡಾಯ, ಬಿಸಿಲು ಏರಿದಾಗ ಹುಂಜದ ವೀರ್ಯ ಸೋಲುತ್ತದೆ.

ಸಾಗರದಿಂದ:

ಅಕ್ಕಾ, ಹುಂಜದ ಮಾತು ಆಮೇಲೆ. ಮೊದಲು ಆ ಎಂಟು ಮೊಟ್ಟೆ ಒಡೆದು ನೋಡಿ. ಮನೆಯಿಂದ ದೂರ ಹೋಗಿ, ಮೇಲೆ ಬಟ್ಟೆ ಹಾಕಿ ಒಡೆಯಿರಿ, ಕೆಟ್ಟದ್ದು ಸಿಡಿಯುತ್ತದೆ. ಒಳಗೆ ಬರೀ ಹಳದಿ, ಬಿಳಿ ಇದ್ದರೆ ಹುಂಜದ ವೀರ್ಯ ತಲುಪಿಲ್ಲ ಅಂತ ಹೆಚ್ಚುಕಡಿಮೆ ಹೇಳಬಹುದು. ಉಂಗುರದ ಹಾಗೆ ರಕ್ತದ ಗೆರೆ ಕಂಡರೆ ಮರಿ ಕಟ್ಟಿತ್ತು, ಮೊದಲ ವಾರದಲ್ಲೇ ಸತ್ತಿದೆ. ಪುಕ್ಕ ಬಂದ ಮರಿ ಸತ್ತಿದ್ದರೆ ಕಾವಿನಲ್ಲೋ ತೇವದಲ್ಲೋ ಹೆಚ್ಚುಕಡಿಮೆಯಾಗಿದೆ.

ನಾಟಿ ಹೇಂಟೆ 12 ಮೊಟ್ಟೆ ಇಡಲು ಎರಡು ವಾರದ ಮೇಲೇ ಹಿಡಿಯುತ್ತದೆ. ಮೊದಲು ಇಟ್ಟದ್ದು ಅಷ್ಟರಲ್ಲಿ ಹಳೆಯದಾಗಿರುತ್ತದೆ. ಒಂದು ವಾರದೊಳಗಿನ ಮೊಟ್ಟೆಯನ್ನು ಮೂರ್ನಾಲ್ಕು ಹೇಂಟೆಗಳಿಂದ ಕೂಡಿಸಿ. ಚೂಪು ತುದಿ ಕೆಳಗೆ ಮಾಡಿ ಇಡಿ, ತೊಳೆಯಬೇಡಿ. ಸಿಪ್ಪೆ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯಿರಿ. ಬೇರೆ ಕೋಳಿ ಬಂದು ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋದರೂ ಗೊತ್ತಾಗುತ್ತದೆ. ಏಳನೇ ದಿನ ರಾತ್ರಿ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡದ ಹಾಗೆ ಕೆಂಪು ನರ ಕಂಡರೆ ಮರಿ ಇದೆ. ಮೊದಲ ಸಲ ಅದನ್ನು ನೋಡಿದಾಗ ನಾನೂ ನನ್ನ ಮಗಳೂ ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆವು.

ಅಂದಹಾಗೆ, ಆ ರಾಗಿ ಡಬ್ಬ ಎಲ್ಲಿಟ್ಟಿದ್ದಿರಿ?

ಉಡುಪಿ ಕಡೆಯಿಂದ:

ಶಿರಾದ ಅಣ್ಣ ಹೇಳಿದ್ದು ಕೋಳಿಗೆ ಸರಿ, ಬಾತುಕೋಳಿ ಹಾಗಲ್ಲ. ಗಂಡು ಬಾತಿಗೆ ಸ್ಕ್ರೂ ತರಹ ತಿರುಚಿದ ಅಂಗ ಇದೆ. ಬಾತು ಮೊಟ್ಟೆಯನ್ನು ಕೋಳಿ ಕೆಳಗೆ ಇಟ್ಟರೂ ಮರಿಯಾಗುತ್ತದೆ, ಆದರೆ 21 ಅಲ್ಲ, 28 ದಿನ. ಕೋಳಿ ಮೊಟ್ಟೆ ಜೊತೆ ಬೆರೆಸಬೇಡಿ, ಕೋಳಿ ಮರಿ ಬಂದ ಕೂಡಲೇ ತಾಯಿ ಎದ್ದು ಹೋಗುತ್ತದೆ. ನಾನು ಹಾಗೆ ಆರು ಬಾತು ಮೊಟ್ಟೆ ಕಳೆದುಕೊಂಡಿದ್ದೇನೆ.

ತಿಪಟೂರು ಕಡೆಯಿಂದ, ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅತ್ತೆಯನ್ನೂ ಕರೆದುಕೊಂಡು ಹೋಗಿ ಒಡೆದು ನೋಡಿದೆ. ಎರಡರಲ್ಲಿ ಬರೀ ಹಳದಿ. ಐದರಲ್ಲಿ ರಕ್ತದ ಉಂಗುರ. ಒಂದರಲ್ಲಿ ಪೂರ್ತಿ ಬೆಳೆದ ಮರಿ ಸತ್ತಿತ್ತು, ನೋಡಿ ಸಂಕಟವಾಯಿತು. ಅಂದರೆ 12ರಲ್ಲಿ ಹತ್ತಕ್ಕೆ ಹುಂಜ ತನ್ನ ಕೆಲಸ ಮಾಡಿದೆ. ಡಬ್ಬ ಇದ್ದದ್ದು ಒಲೆಯ ಪಕ್ಕದ ಗೂಡಿನಲ್ಲಿ, ಕೈ ಇಟ್ಟರೆ ಬೆಚ್ಚಗೇ ಇರುತ್ತದೆ.

ಸಾಗರದಿಂದ:

ಐದು ಮೊಟ್ಟೆ ಹೋಗಿದ್ದು ಅಲ್ಲೇ ಅಕ್ಕಾ. ಆ ಬಿಸಿಗೆ ಮರಿ ಅರೆಬರೆ ಬೆಳೆಯಲು ಶುರುಮಾಡುತ್ತದೆ, ಮುಂದಕ್ಕೂ ಹೋಗದೆ ಸೋತು ಸಾಯುತ್ತದೆ. ಡಬ್ಬವನ್ನು ನೀರಿನ ಮಡಕೆ ಇರುವ ಮೂಲೆಗೆ ಇಡಿ.

ತಿಪಟೂರು ಕಡೆಯಿಂದ:

ಇಟ್ಟಾಯಿತು. ಇವತ್ತಿನ ಮೂರು ಮೊಟ್ಟೆಗೆ ಅತ್ತೆಯೇ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದಾರೆ.