ಬಾಲ್‌ಪಾರ್ಕ್, ಟಚ್ ಬೇಸ್, ರೇನ್ ಚೆಕ್... ಯುಎಸ್ ಟೀಮ್‌ನವರ ಈ ಮಾತಿಗೆಲ್ಲ ಏನರ್ಥ?

ಮಲೆನಾಡ್_ಟೆಸ್ಟರ್:
ಎಲ್ರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸ, ಕ್ಲೈಂಟ್ ಅಮೆರಿಕದವ್ರು. ಇಂಗ್ಲಿಷ್ ಅರ್ಥ ಆಗುತ್ತೆ, ಗ್ರಾಮರ್ ತೊಂದ್ರೆ ಏನಿಲ್ಲ, ಆದ್ರೆ ಕಾಲ್ ಮಧ್ಯೆ ಕೆಲವು ಮಾತು ಬಂದ್ರೆ ಅಲ್ಲೇ ತಲೆ ನಿಂತೋಗುತ್ತೆ. 'ಬಾಲ್‌ಪಾರ್ಕ್ ಫಿಗರ್ ಕೊಡಿ' ಅಂತಾರೆ, 'ನೆಕ್ಸ್ಟ್ ವೀಕ್ ಟಚ್ ಬೇಸ್ ಮಾಡೋಣ' ಅಂತಾರೆ, ಮೊನ್ನೆ ಡೆಮೊಗೆ ಕರೆದ್ರೆ ಒಬ್ರು 'ಐ ವಿಲ್ ಟೇಕ್ ಎ ರೇನ್ ಚೆಕ್' ಅಂದ್ರು, ಅವ್ರು ಬರ್ತಾರೋ ಇಲ್ವೋ? ಡಿಕ್ಷನರಿಲಿ ಒಂದು ಸಾಲು ಅರ್ಥ ಸಿಗುತ್ತೆ, ಆದ್ರೆ ಕೇಳಿದ ಮೇಲೆ ನಾನು ಏನ್ ಮಾಡ್ಬೇಕು ಅನ್ನೋದು ಅಲ್ಲಿ ಇರಲ್ಲ.

ಜೆರ್ಸಿ_ಕನ್ನಡಿಗ:
ನೀವು ಕೇಳಿರೋ ಮೂರೂ ಬೇಸ್‌ಬಾಲ್‌ನಿಂದ ಬಂದಿದ್ದು, ಆ ಆಟ ಒಂದ್ಸಲ ಕೂತು ನೋಡಿ, ಇಂಥ ಮಾತು ಸುಮಾರು ತಾನಾಗೇ ಬಿಡಿಸ್ಕೊಳುತ್ತೆ.

ಬಾಲ್‌ಪಾರ್ಕ್ ಅಂದ್ರೆ ಬೇಸ್‌ಬಾಲ್ ಸ್ಟೇಡಿಯಂ. ಬಾಲ್‌ಪಾರ್ಕ್ ಫಿಗರ್ ಅಂದ್ರೆ ಅಂದಾಜು ಲೆಕ್ಕ, ಹೆಚ್ಚುಕಮ್ಮಿ ಆದ್ರೂ ಪರ್ವಾಗಿಲ್ಲ ಅಂತ. ಆದ್ರೆ ಹುಷಾರು, ಬಾಯಲ್ಲಿ ಹೇಳಿದ ಅಂದಾಜು ಪ್ಲಾನ್ ಶೀಟ್‌ಗೆ ಹೋದ್ಮೇಲೆ ಡೆಡ್‌ಲೈನ್ ಆಗ್ಬಿಡುತ್ತೆ. ಹಂಗಾಗಿ ಒಂದೇ ನಂಬರ್ ಕೊಡ್ಬೇಡಿ, '2ರಿಂದ 3 ವಾರ' ಅನ್ನಿ, ಇದು ಅಂದಾಜು ಅಷ್ಟೇ ಅಂತ ಅವತ್ತೇ ಮೇಲ್‌ನಲ್ಲೂ ಬರೀರಿ.

ಮೈದಾನದಲ್ಲಿ 90 ಅಡಿಗೆ ಒಂದರಂತೆ ನಾಲ್ಕು ಬೇಸ್ ಇರುತ್ತೆ, ರನ್ ಬೇಕಂದ್ರೆ ಓಡೋನು ಒಂದೊಂದನ್ನೂ ಮುಟ್ಕೊಂಡೇ ಬರ್ಬೇಕು. ಆಫೀಸಲ್ಲಿ ಟಚ್ ಬೇಸ್ ಅಂದ್ರೆ ಸುಮ್ನೆ ಎರಡು ಮಾತಾಡಿ ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ. ಮೀಟಿಂಗ್ ಫಿಕ್ಸ್ ಆಯ್ತು ಅಂತಲ್ಲ, ನಿಮಗೆ ಮಾತಾಡೋದು ಬೇಕಿದ್ರೆ ನೀವೇ ಇನ್ವೈಟ್ ಕಳಿಸಿ.

ರೇನ್ ಚೆಕ್ ಮಾತ್ರ ಸರಿಯಾಗಿ ತಿಳ್ಕೊಳಿ. 1880ರ ದಶಕದಲ್ಲಿ ಮಳೆ ಬಂದು ಮ್ಯಾಚ್ ನಿಂತ್ರೆ ಇನ್ನೊಂದು ದಿನ ಬಂದು ನೋಡೋಕೆ ಚೀಟಿ ಕೊಡ್ತಿದ್ರು, ಅದೇ ರೇನ್ ಚೆಕ್. ಈಗ ಅದು ಮರ್ಯಾದೆಯಾಗಿ 'ಈ ಸಲ ಬೇಡ' ಅನ್ನೋ ರೀತಿ. ನಿಮ್ ಡೆಮೊಗೆ ಅವ್ರು ಬರಲ್ಲ, ಕಾಯ್ಬೇಡಿ, ರೆಕಾರ್ಡಿಂಗ್ ಕಳಿಸಿ.

ಕರ್ವ್‌ಬಾಲ್ ಅಂತಾನೂ ಕೇಳ್ತೀರ. ನಮ್ ಸ್ಪಿನ್ ನೆಲಕ್ಕೆ ಬಿದ್ಮೇಲೆ ತಿರುಗುತ್ತೆ, ಇದು ಗಾಳಿಲೇ ತಿರುಗಿ ಕೆಳಗಿಳಿಯುತ್ತೆ. ಯಾರೂ ನಿರೀಕ್ಷೆ ಮಾಡದ ಪ್ರಶ್ನೆ, ಕೊನೇ ಗಳಿಗೇಲಿ ಬದಲಾದ ರಿಕ್ವೈರ್‌ಮೆಂಟ್, ಇಂಥವಕ್ಕೆ ಹೇಳ್ತಾರೆ.

ಮೈಸೂರಕ್ಕ:
ಜೆರ್ಸಿ ಸರ್ ಚೆನ್ನಾಗಿ ಹೇಳಿದ್ರಿ. ನಾನು ಯುಕೆ ಕ್ಲೈಂಟ್ ಜೊತೆ ಇರೋದು, ಅಲ್ಲಿ ಕ್ರಿಕೆಟ್ ಮಾತು, 'ಆನ್ ದ ಬ್ಯಾಕ್‌ಫುಟ್', 'ಸ್ಟಿಕಿ ವಿಕೆಟ್', ನಮಗೆ ಸಲೀಸು. ಪಿಚ್‌ಗೆ ಹೊದಿಕೆ ಇಲ್ಲದ ಕಾಲದಲ್ಲಿ ಮಳೆ ಬಂದು ಬಿಸಿಲಿಗೆ ಒಣಗ್ತಿರೋ ಪಿಚ್ ಮೇಲೆ ಬಾಲ್ ಹೆಂಗೆ ಏಳುತ್ತೋ ಹೇಳೋಕಾಗ್ತಿರ್ಲಿಲ್ಲ, ಅದಕ್ಕೇ ಇಕ್ಕಟ್ಟಲ್ಲಿ ಸಿಕ್ಕಿದ್ರೆ ಸ್ಟಿಕಿ ವಿಕೆಟ್ ಅಂತಾರೆ. ಇವನ್ನ ಅಮೆರಿಕದವ್ರ ಹತ್ರ ಬಳಸ್ಬೇಡಿ, ಸುಮಾರು ಜನಕ್ಕೆ ಗೊತ್ತಾಗಲ್ಲ.

ತುಂಬಾ ತೊಂದ್ರೆ ಕೊಡೋದು 'ಟೇಬಲ್'. ಬ್ರಿಟನ್‌ನಲ್ಲಿ 'ಲೆಟ್ಸ್ ಟೇಬಲ್ ಇಟ್' ಅಂದ್ರೆ ಈಗ್ಲೇ ಚರ್ಚೆಗೆ ತಗೊಳೋಣ, ಅಮೆರಿಕದಲ್ಲಿ ಪಕ್ಕಕ್ಕೆ ಇಡೋಣ. ಪೂರ್ತಿ ಉಲ್ಟಾ. ವಿಧಾನಸಭೇಲಿ ವರದಿ ಟೇಬಲ್ ಮಾಡಿದ್ರು ಅಂತ ನಮ್ ಪೇಪರ್‌ನಲ್ಲಿ ಬರೋದು ಬ್ರಿಟಿಷ್ ಅರ್ಥದ್ದೇ. ಎರಡೂ ಕಡೆಯವ್ರು ಕಾಲ್‌ನಲ್ಲಿದ್ರೆ 'ಈಗ ಮಾತಾಡೋದಾ, ಆಮೇಲಾ' ಅಂತ ಕೇಳ್ಬಿಡಿ.

ದಾವಣಗೆರೆ_ದೋಸೆ:
ನಮ್ ಕಡೆಯಿಂದ ಹೋಗೋ ಮಾತೂ ನೋಡ್ಕೊಳಿ. 'ಐ ಹ್ಯಾವ್ ಎ ಡೌಟ್' ಅಂದ್ರೆ ನಮಗೆ ಪ್ರಶ್ನೆ ಇದೆ ಅಂತ, ಅವ್ರಿಗೆ ನಂಬಿಕೆ ಇಲ್ಲ ಅನ್ನೋ ಥರ ಕೇಳುತ್ತೆ, 'ಕ್ವೆಶ್ಚನ್' ಅನ್ನಿ ಸಾಕು. '2019ರಲ್ಲಿ ಕಾಲೇಜಿಂದ ಪಾಸ್ಡ್ ಔಟ್' ಅನ್ನಬೇಡಿ, ಅವರಿಗದು ಪ್ರಜ್ಞೆ ತಪ್ಪಿ ಬಿದ್ದೆ ಅಂತ, 'ಗ್ರ್ಯಾಜುಯೇಟೆಡ್' ಅನ್ನಿ.

ಮಲೆನಾಡ್_ಟೆಸ್ಟರ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ರೆಕಾರ್ಡಿಂಗ್ ಇವತ್ತೇ ಕಳಿಸ್ತೀನಿ. ಇನ್ನೊಂದೇ ಒಂದು, 'ಲೆಟ್ಸ್ ಪಂಟ್ ಆನ್ ದಿಸ್' ಅಂದ್ರೆ? ಒಂದು ಬಗ್ ಬಗ್ಗೆ ಅಂದ್ರು.

ಜೆರ್ಸಿ_ಕನ್ನಡಿಗ:
ಅದು ಅಮೆರಿಕನ್ ಫುಟ್‌ಬಾಲ್‌ದು. 10 ಗಜ ಮುಂದೆ ಹೋಗೋಕೆ ನಾಲ್ಕು ಚಾನ್ಸ್, ಮೂರರಲ್ಲಿ ಆಗ್ಲಿಲ್ಲ ಅಂದ್ರೆ ನಾಲ್ಕನೇದ್ರಲ್ಲಿ ಸಾಮಾನ್ಯವಾಗಿ ಬಾಲ್ ದೂರ ಒದ್ದು ಎದುರು ಟೀಮ್‌ಗೆ ಬಿಟ್ಕೊಡ್ತಾರೆ, ಅದೇ ಪಂಟ್. ಆ ಬಗ್ ಈ ರಿಲೀಸ್‌ನಲ್ಲಿ ಬೇಡ, ಮುಂದೆ ನೋಡೋಣ ಅಂತ. ಕ್ಲೋಸ್ ಮಾಡ್ಬೇಡಿ, ಓಪನ್ ಇಟ್ಟು ಮುಂದಿನ ರಿಲೀಸ್‌ಗೆ ಹಾಕಿ.

ಮೈಸೂರಕ್ಕ:
ಯುಕೆಯವ್ರು 'ಟೇಕ್ ಎ ಪಂಟ್' ಅಂದ್ರೆ ಮಾತ್ರ ಬೇರೆ, ರಿಸ್ಕ್ ಇದ್ರೂ ಒಂದು ಕೈ ನೋಡೋಣ ಅಂತ.