ದಾವಣಗೆರೆಯಲ್ಲಿ ಮನೆ: ಶಾಲೆ ನೋಡಿ ಕೊಳ್ಳಬೇಕೋ, ಓಣಿ ನೋಡಿ ಕೊಳ್ಳಬೇಕೋ?

ಪ್ರಶ್ನೆ (ಊರಿಗೆ ಮರಳುತ್ತಿರುವವರು):
ಏಳು ವರ್ಷ ಅಮೆರಿಕದ ಟೆಕ್ಸಾಸ್‌ನಲ್ಲಿದ್ದು, ಬರುವ ಏಪ್ರಿಲ್‌ನಲ್ಲಿ ದಾವಣಗೆರೆಗೆ ಮರಳುತ್ತಿದ್ದೇವೆ. ಮಗಳು ಒಂದನೇ ತರಗತಿಗೆ, ಮಗ ಐದನೇ ತರಗತಿಗೆ ಸೇರಬೇಕು. ಟೆಕ್ಸಾಸ್‌ನಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸವೇ ನಿರ್ಧರಿಸುತ್ತದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಪ್ರದೇಶದ ಆಸ್ತಿ ತೆರಿಗೆಯಿಂದ ಬರುವುದರಿಂದ ಮನೆಗಳಿಗೆ ರಸ್ತೆಯ ಈಚೆಗೊಂದು ಬೆಲೆ, ಆಚೆಗೊಂದು ಬೆಲೆ. ಯಾವ ಶಾಲೆಯಲ್ಲಿ ಯಾವ ಜನಾಂಗದ ಮಕ್ಕಳು ಎಷ್ಟಿದ್ದಾರೆಂಬ ಲೆಕ್ಕವೂ ಅಂತರ್ಜಾಲದಲ್ಲಿ ಸಿಗುತ್ತದೆ. ಇಲ್ಲಿ ಹಾಗೆ ನೋಡುವುದು ಹೇಗೆ? ನಮ್ಮ ಪಟ್ಟಿಯಲ್ಲಿ ವಿದ್ಯಾನಗರ, ಎಂ.ಸಿ.ಸಿ. 'ಬಿ' ಬ್ಲಾಕ್, ನಿಟುವಳ್ಳಿ ಇವೆ. ಮಕ್ಕಳು ಒಂದೇ ಜಾತಿಯ, ಒಂದೇ ಅಂತಸ್ತಿನವರ ನಡುವೆ ಬೆಳೆಯಬಾರದೆಂಬುದು ನಮ್ಮ ಆಸೆ. ಮಾವನವರು ಮಾತ್ರ "ನಮ್ಮವರು ಇರೋ ಕಡೆ ತಗೊಳ್ರಿ" ಎನ್ನುತ್ತಾರೆ.

ಉತ್ತರ (ನಿವೃತ್ತ ಶಿಕ್ಷಕ):
ಮಾನ್ಯರೇ, ಇಲ್ಲಿ ಶುಲ್ಕ ಕಟ್ಟುವ ಶಕ್ತಿಯಿದ್ದರೆ ಊರಿನ ಯಾವ ಮೂಲೆಯ ಖಾಸಗಿ ಶಾಲೆಗಾದರೂ ಸೇರಿಸಬಹುದು; ವಿಳಾಸಕ್ಕೆ ಬೆಲೆಯಿದ್ದದ್ದು ಬಡವರ ಮಕ್ಕಳ ವಿಷಯದಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆದರೆ 2019ರಲ್ಲಿ ನಮ್ಮ ರಾಜ್ಯವು ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಕೊಡಬೇಕಿಲ್ಲ ಎಂದಿತು. ನಗರದೊಳಗೆ ಸರ್ಕಾರಿ ಶಾಲೆಯಿಲ್ಲದ ನೆರೆಯನ್ನು ಹುಡುಕುವುದೇ ಕಷ್ಟ. ಹೀಗಾಗಿ ನೀವು ಬಯಸುವ ಬೆರಕೆ ಖಾಸಗಿ ಶಾಲೆಯ ಬೆಂಚಿನ ಮೇಲೆ ಸಿಗುವುದು ಕಡಿಮೆ. ನಾನು ಪಾಠ ಹೇಳಿದ ಸರ್ಕಾರಿ ಶಾಲೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ, ಹಮಾಲರ, ತಳ್ಳುಗಾಡಿಯವರ ಮಕ್ಕಳು ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಮೇಷ್ಟ್ರುಗಳ ಮಕ್ಕಳು ಮಾತ್ರ ಇರಲಿಲ್ಲ, ನನ್ನವರೂ ಸೇರಿ.

ಉತ್ತರ (ಇಬ್ಬರು ಮಕ್ಕಳ ತಾಯಿ):
ಮೇಷ್ಟ್ರು ಹೇಳಿದ್ದು ಸರಿ. ಶಾಲೆಯಲ್ಲಿ ಸಿಗದ್ದು ಓಣಿಯಲ್ಲಿ ಸಿಗಬೇಕು, ಆದರೆ ಅದೂ ಸುಲಭವಲ್ಲ. ನಾವು ಬಾಡಿಗೆಗೆ ನಾಲ್ಕು ಮನೆ ನೋಡಿದಾಗ ಮೂರು ಕಡೆ ಮುಂಗಡದ ಮಾತಿಗಿಂತ ಮೊದಲು ಬಂದ ಪ್ರಶ್ನೆ "ನೀವು ಯಾವ ಜನ?" ಎಂಬುದು, ನಾಲ್ಕನೆಯವರು ಅಡುಗೆಮನೆ ತೋರಿಸುತ್ತಲೇ "ಮಾಂಸ ಗೀಂಸ ಮಾಡಲ್ಲ ತಾನೇ?" ಎಂದರು. ಹೊಸ ಬಡಾವಣೆಗಳಲ್ಲಿ ರಸ್ತೆ ಅಗಲ, ಆದರೆ ಸಂಜೆ ಆಡುವ ಮಕ್ಕಳು ಕಾಣುವುದಿಲ್ಲ. ಕೊಳ್ಳುವ ಮೊದಲು ಸಂಜೆ ಐದರ ಹೊತ್ತಿಗೆ ಆ ಬೀದಿಯಲ್ಲಿ ಒಮ್ಮೆ ನಡೆದು, ಕ್ರಿಕೆಟ್ ಆಡುವ ಹುಡುಗರು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೆ ಎಂಬುದನ್ನು ಕೇಳಿಸಿಕೊಳ್ಳಿ. ಹೆಸರುಗಳೇ ಎಲ್ಲವನ್ನೂ ಹೇಳುತ್ತವೆ. ಬೆಳಿಗ್ಗೆ ಶಾಲೆಯ ವ್ಯಾನು ಎಷ್ಟು ಗಂಟೆಗೆ ಬರುತ್ತದೆಂದೂ ವಿಚಾರಿಸಿ. ನಮ್ಮ ಮಗಳು ಏಳೂವರೆಗೆ ಹತ್ತಿದರೆ ಊರೆಲ್ಲ ಸುತ್ತಿ ಎಂಟೂವರೆಗೆ ಶಾಲೆ ತಲುಪುತ್ತಾಳೆ, ಶಾಲೆ ಇರುವುದು ಮೂರು ಕಿಲೋಮೀಟರ್ ದೂರದಲ್ಲಿ.

ಉತ್ತರ (ಕೆ.ಟಿ.ಜೆ. ನಗರದ ನಿವಾಸಿ):
ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆಮೇಲೆ ಕೊಳ್ಳುವುದಾದರೆ ದೂಡಾ (ಇಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಮತ್ತು ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಇರುವುದನ್ನೇ ಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬಾಡಿಗೆ ಮನೆ ಹುಡುಕಲು ತಮ್ಮನಿಗೆ ಹೇಳಿದ್ದೇನೆ, ಸಂಜೆ ಐದಕ್ಕೇ ಹೋಗಿ ನೋಡು ಎಂದೂ ಹೇಳಿದ್ದೇನೆ. ಮಾವನವರಿಗೆ ಇನ್ನೂ ತಿಳಿಸಿಲ್ಲ.